ಒಗ್ಗರಣೆ ಡಬ್ಬಿ ಮುಚ್ಚಳದ 500 ಮೈಲಿ

ಶನಿವಾರ ಬೆಳಿಗ್ಗೆ, ಅಮೆರಿಕದ ನೆಬ್ರಾಸ್ಕಾ ರಾಜ್ಯದ ಒಮಾಹಾದಲ್ಲಿ ಗಿರಿಜಕ್ಕನ ಮನೆ. ಟೀವಿಯಲ್ಲಿ ಕಾಲೇಜು ಫುಟ್‌ಬಾಲ್ ಆಟ ಶುರುವಾಗೋಕೆ ಇನ್ನೂ ಒಂದು ಗಂಟೆ ಇತ್ತು, ಉಪ್ಪಿಟ್ಟು ಮಾತ್ರ ಆಗಲೇ ಮುಗಿದಿತ್ತು. ವೆಂಕಿ ಊಟದ ಮೇಜಿನ ಮೇಲೆ ಅಮೆರಿಕದ ನಕ್ಷೆ ಹರಡಿಕೊಂಡು, ನೆಬ್ರಾಸ್ಕಾ ಯೂನಿವರ್ಸಿಟಿ ಇರುವ ಲಿಂಕನ್ ಊರಿನ ಮೇಲೆ ಒಗ್ಗರಣೆ ಡಬ್ಬಿಯ ಮುಚ್ಚಳ ಕವುಚಿ ಸುತ್ತ ಗೆರೆ ಎಳೆಯುತ್ತಿದ್ದ.

“ಏನೋ ಇದು, ಗ್ರಹಣ ಹಿಡಿಸ್ತಿದ್ದೀಯಾ?” ಎಂದರು ಕಿಟ್ಟಣ್ಣ.

“ಸ್ಟ್ರಾಟೆಜಿ ಕಿಟ್ಟಣ್ಣ! 500 ಮೈಲಿ ರೇಡಿಯಸ್. ನೆಬ್ರಾಸ್ಕಾ ಫುಟ್‌ಬಾಲ್ ತಂಡಕ್ಕೆ ಹುಡುಗರನ್ನ ಈ ಗೆರೆ ಒಳಗಿಂದಲೇ ಜಾಸ್ತಿ ತರಬೇಕು. ಕಾನ್ಸಾಸ್ ಸಿಟಿ ಒಳಗೆ, ಡೆನ್ವರ್ ಒಳಗೆ, ಷಿಕಾಗೋನೂ ಒಳಗೆ.”

“ಡಲ್ಲಾಸ್?”

“ಒಂದೈವತ್ತು ಮೈಲಿ ಆಚೆ.”

“ಅಯ್ಯೋ, ದೊಡ್ಡ ಡಬ್ಬಿ ತಗೋಬೇಕಿತ್ತು ಕಣೋ.”

ಈ ರೇಡಿಯಸ್, ಒಂದೇ ಕಡೆಯಿಂದ ವರ್ಷಾವರ್ಷ ಹುಡುಗರು ಬರೋ ಪೈಪ್‌ಲೈನ್, ಇಲ್ಲಿನ ಹುಡುಗರು ಹೊರಗೆ ಹೋಗದ ಹಾಗೆ ರಾಜ್ಯದ ಸುತ್ತ ಬೇಲಿ ಅನ್ನೋ ಮಾತು ಕೇಳಿದರೆ ಕಿಟ್ಟಣ್ಣನಿಗೆ ಮೈಯೆಲ್ಲ ಉರಿಯುತ್ತದೆ. “ಹದಿನೇಳು ವರ್ಷದ ಹುಡುಗನನ್ನ ಕಾಲೇಜಿಗೆ ಕರೆಯೋಕೆ ಬೇಲಿ ಅಂತೆ, ಪೈಪ್ ಅಂತೆ! ಏನು, ತೋಟಕ್ಕೆ ನೀರು ಬಿಡ್ತಿದ್ದಾರಾ? ನಮ್ಮಲ್ಲಿ ಇದಕ್ಕೆ ಹೆಣ್ಣು ನೋಡೋದು ಅಂತಾರೆ. ಕೋಚ್ ಮನೆಗೆ ಬರ್ತಾನೆ, ಸೋಫಾ ತುದೀಲಿ ಕೂರ್ತಾನೆ, ತಾಯಿ ಮಾಡಿದ್ದನ್ನ ಹೊಗಳಿ ಇನ್ನೊಂದು ಸಲ ಬಡಿಸ್ಕೋತಾನೆ, ನಿಮ್ಮ ಮಗ ಇನ್ಮೇಲೆ ನಮ್ಮನೆ ಮಗ ಅಂತಾನೆ. ಜಾತಕದ ಬದಲು ಹುಡುಗನ ಆಟ ನೋಡಿ ಕೊಡೋ ಸ್ಟಾರು. ನಮ್ಮ ಜೋಯಿಸರು 27 ನಕ್ಷತ್ರ ಗುಣಿಸ್ತಿದ್ರು, ಇವರದು ಐದಕ್ಕೇ ಮುಗೀತು.”

“ಆದ್ರೆ ಇಲ್ಲಿ ಹೆಣ್ಣಿನ ಕಡೆಯವರದೇ ಮೇಲುಗೈ ಅಲ್ವಾ?” ಗಿರಿಜಕ್ಕ ಕಾಫಿ ತಂದಿಟ್ಟರು. “ಆ ಹುಡುಗ ಮೇಜಿನ ಮೇಲೆ ನಾಲ್ಕು ಕಾಲೇಜಿನ ಟೋಪಿ ಜೋಡಿಸ್ಕೊಂಡು, ಇದೇ ನನ್ನ ಕಾಲೇಜು ಅಂತ ಟೀವಿ ಮುಂದೆ ಒಂದನ್ನ ತಲೆಗಿಟ್ಟುಕೋತಾನಲ್ಲ, ಮಿಕ್ಕಿದ್ದು ಮೂರು ಏನಾಗ್ತವೆ?”

“ಮಿಕ್ಕ ಮೂರು ಕೋಚ್‌ಗಳಿಗೆ ಹಾಕ್ತಾನೆ.”

ಬಾಬುಗೆ ಆಟದ ತಲೆಬುಡ ಗೊತ್ತಿಲ್ಲ, ಬರೋದು ಉಪ್ಪಿಟ್ಟಿಗೆ. “ಇಷ್ಟೆಲ್ಲ ಯಾಕೆ, ಇಲ್ಲಿನ ಹುಡುಗರನ್ನೇ ಆಡಿಸಬಾರದಾ?” ಎಂದ.

“ಎಲ್ಲಿದ್ದಾರೆ ಹುಡುಗರು? ನೆಬ್ರಾಸ್ಕಾ ಜಾಗ ಇಡೀ ಕರ್ನಾಟಕಕ್ಕಿಂತ ಒಂದು ಚೂರು ಜಾಸ್ತಿ, ಜನ ಮಾತ್ರ 20 ಲಕ್ಷದ ಆಸುಪಾಸು,” ಎಂದ ವೆಂಕಿ.

“ನಮ್ಮ ಹಾಸನ ಜಿಲ್ಲೆಯವರನ್ನ ಬೀದರಿಂದ ಚಾಮರಾಜನಗರದ ತನಕ ಹರಡಿ ಕೂರಿಸಿದ ಹಾಗೆ,” ಎಂದರು ಕಿಟ್ಟಣ್ಣ.

“ಅದಕ್ಕೇ ಟೆಕ್ಸಸ್ ಬೇಕು. ಅಲ್ಲಿ ಅಲೆನ್ ಅಂತ ಒಂದು ಊರು. ಹೈಸ್ಕೂಲ್ ಹುಡುಗರಿಗೆ 18,000 ಜನ ಕೂರೋ ಸ್ಟೇಡಿಯಂ, 2012ರಲ್ಲಿ ಶುರುವಾಗಿದ್ದು, ಖರ್ಚು 6 ಕೋಟಿ ಡಾಲರ್!”

“ನಮ್ಮ ಹೈಸ್ಕೂಲಲ್ಲಿ ಮೈದಾನ ಅಂದ್ರೆ ಒಂದು ಹುಣಸೇಮರ. ಅದೂ ಪಕ್ಕದ ಮನೆಯವರದ್ದು.”

ಮಾತು ಹುಣಸೇಹಣ್ಣಿಗೆ, ಅಲ್ಲಿಂದ ಇಂಡಿಯನ್ ಅಂಗಡಿಯ ಹುಣಸೇಹಣ್ಣಿನ ರೇಟಿಗೆ ಹೋಯಿತು. ಅಲ್ಲಿಂದ ಹೇಗೆ ವಾಪಸ್ ಬಂತೋ ನೆನಪಿಲ್ಲ, ವೆಂಕಿ ನಿಯಮಗಳ ಬಗ್ಗೆ ಹೇಳುತ್ತಿದ್ದ. ಹಿಂದೆಲ್ಲ ಕಾಲೇಜು ಆಟಗಾರರಿಗೆ ತಿಂಡಿ ಅಂತ ಬೇಗಲ್ ಅನ್ನೋ ಬಳೆಯಾಕಾರದ ಬ್ರೆಡ್ ಕೊಡಬಹುದಿತ್ತು, ಅದರ ಮೇಲೆ ಕ್ರೀಮ್ ಚೀಸ್ ಸವರಿದರೆ ನಿಯಮ ಮುರಿದ ಹಾಗೆ.

“ಅಂದ್ರೆ ಇಡ್ಲಿ ಸರಿ, ಚಟ್ನಿ ಲಂಚ,” ಎಂದರು ಕಿಟ್ಟಣ್ಣ. “ಚಟ್ನಿಗೆ ಹೆದರ್ತಿದ್ದವರು ಈಗ ನೋಡು. 2021ರಿಂದ ಹುಡುಗರು ತಮ್ಮ ಹೆಸರು, ಮುಖ ತೋರಿಸಿ ದುಡ್ಡು ಮಾಡಬಹುದು, 2025ರಿಂದ ಕಾಲೇಜೇ ಕೈಯಾರೆ ಕೊಡಬಹುದು. ವರದಕ್ಷಿಣೆಗೆ ರಸೀದಿ ಬಂತು. ಮೇಲೆ ಕಾಲೇಜು ಬದಲಾಯಿಸೋ ಹುಡುಗರು ಹೆಸರು ಹಾಕೋ ಆ ಟ್ರಾನ್ಸ್‌ಫರ್ ಪೋರ್ಟಲ್ ಬೇರೆ, ತಾಳಿ ಕಟ್ಟಿದ ಮೇಲೂ ಜಾತಕ ಹೊರಗೆ ಕೊಟ್ಟ ಹಾಗೆ. ನೀನಿಲ್ಲಿ ಮುಚ್ಚಳ ಇಟ್ಟು ಗೆರೆ ಎಳೀತಾ ಕೂತಿದ್ದೀಯ.”

“ಆದ್ರೂ ಟೆಕ್ಸಸ್ ಯಾಕೆ ಕೈಬಿಟ್ಟು ಹೋಯ್ತು ಕಿಟ್ಟಣ್ಣ? 94, 95, 97, ಮೂರು ಸಲ ಚಾಂಪಿಯನ್ ಆಗಿದ್ದ ತಂಡ.”

“ಬೀಗರ ಮನೆ ಬಿಟ್ಟು ಬಂದ್ರಲ್ಲಪ್ಪ! 2011ರಲ್ಲಿ ಟೆಕ್ಸಸ್ ಕಾಲೇಜುಗಳಿದ್ದ ಬಿಗ್ 12 ಅನ್ನೋ ಲೀಗ್ ಬಿಟ್ಟು ಬಿಗ್ ಟೆನ್ ಅನ್ನೋ ಲೀಗ್‌ಗೆ ಹೋದ್ರು. ಅಲ್ಲಿ ದುಡ್ಡು ಜಾಸ್ತಿ, ಹೋಗಲಿ, ಬೇಡ ಅನ್ನಲ್ಲ. ಆದ್ರೆ ಮೊದಲು ಹೆಚ್ಚುಕಮ್ಮಿ ಪ್ರತಿ ವರ್ಷ ಟೆಕ್ಸಸ್ ಕಡೆ ಒಂದು ಆಟ ಇರ್ತಿತ್ತು. ಹುಡುಗನ ಅಮ್ಮ ಕಾರು ಹತ್ತಿ, ಡಬ್ಬಿ ಕಟ್ಕೊಂಡು ಹೋಗಿ ಮಗನ ಆಟ ನೋಡಿ ಬರ್ತಿದ್ಲು. ಈಗ ಆಟ ಎಲ್ಲಿ? ಮಿಷಿಗನ್, ಒಹಾಯೋ, ವಿಸ್ಕಾನ್ಸಿನ್. ಕೋಚ್ ಬಂದು ಸ್ಟೇಡಿಯಂ ತೋರಿಸ್ತಾನೆ, 1962ರಿಂದ ಎಲ್ಲ ಟಿಕೆಟ್ಟೂ ಖರ್ಚಾಗ್ತಿದೆ ಅಂತಾನೆ. ಆ ಅಮ್ಮ ಒಂದೇ ಕೇಳ್ತಾಳೆ, ನಾನು ಬಂದು ನೋಡೋದು ಹೇಗೆ? ಅದಕ್ಕೆ ಅವನ ಹತ್ರ ಉತ್ತರ ಇಲ್ಲ.”

ವೆಂಕಿ ಪೆನ್ಸಿಲ್ ಕೆಳಗಿಟ್ಟ.

ಕಿಟ್ಟಣ್ಣ ಮುಚ್ಚಳ ಎತ್ತಿಕೊಂಡು ತಿರುಗಿಸುತ್ತಾ ಕೂತರು. “ನಮ್ಮಮ್ಮನದೂ ಒಂದು ರೇಡಿಯಸ್ ಇತ್ತು ಕಣೋ. ಅರಸೀಕೆರೆ ಬಸ್‌ಸ್ಟ್ಯಾಂಡಲ್ಲಿ ಬೆಳಿಗ್ಗೆ ಬಸ್ ಹತ್ತಿದರೆ ಸಂಜೆ ದೀಪ ಹಚ್ಚೋ ಹೊತ್ತಿಗೆ ವಾಪಸ್ ಬರಬೇಕು, ಅಷ್ಟು ದೂರಕ್ಕೇ ಹೆಣ್ಣು ಕೊಡೋದು. ಇಬ್ಬರು ತಂಗಿಯರನ್ನೂ ಹಾಗೇ ಕೊಟ್ಟಳು, ಒಬ್ಬಳು ಕಡೂರು, ಒಬ್ಬಳು ತಿಪಟೂರು. ನನಗೆ ಇಲ್ಲಿಂದ ಆಫರ್ ಲೆಟರ್ ಬಂದಾಗ ಅಪ್ಪ ಸಂಬಳ ಎಷ್ಟು ಅಂದ್ರು. ಅವಳು ಎಷ್ಟು ದೂರ ಅಂತ ಕೇಳಲೇ ಇಲ್ಲ. ಕಂಬಳಿ ಇಟ್ಕೊಂಡ್ಯಾ ಅಂದ್ಲು.”

“ಬಂದಿದ್ರಾ ಒಂದ್ಸಲನಾದ್ರೂ?” ಬಾಬು ಕೇಳಿದ.

“ಪಾಸ್‌ಪೋರ್ಟ್ ಮಾಡಿಸಿದ್ದೆ.”

ಟೀವಿಯಲ್ಲಿ ಕೆಂಪು ಅಂಗಿಯ ಜನ ಎದ್ದು ನಿಂತು ಕೂಗುತ್ತಿದ್ದರು. ಯಾರೂ ಸೌಂಡ್ ಜಾಸ್ತಿ ಮಾಡಲಿಲ್ಲ. ಒಳಗಿಂದ ಗಿರಿಜಕ್ಕ, “ಆ ಮುಚ್ಚಳ ಕೊಡಿ ಕಿಟ್ಟಣ್ಣ, ಸಾಸಿವೆ ಎಲ್ಲ ಚೆಲ್ತಿದೆ,” ಎಂದು ಕೂಗಿದರು.