ಅಪ್‌ಡೇಟ್: ಖಾಲಿ ಪಿಕಪ್‌ನಲ್ಲಿ ಚಾರ್ಮಾಡಿ ಘಾಟಿ ಇಳಿದೆ

ಕೊಟ್ಟಿಗೆಹಾರದಿಂದ ಉಜಿರೆ ಕಡೆಗೆ ಖಾಲಿ ಬೊಲೆರೊ ಪಿಕಪ್ ಇಳಿಸುವಾಗ ಮಳೆಯಲ್ಲಿ ಹಿಂದಿನ ಚಕ್ರ ಜಾರುತ್ತೆ, ಏನು ಮಾಡಲಿ ಅಂತ ಕೇಳಿದ್ದೆ. ಮೊನ್ನೆ ಹೋಗಿ ಬಂದೆ.

ಮರಳಿನ ಚೀಲ ಹಾಕಿ ಅಂದವರಿಗೆ ದೊಡ್ಡ ನಮಸ್ಕಾರ. ಹಿಂದಿನ ಆಕ್ಸಲ್ ಮೇಲೇ ಭಾರ ಬೀಳೋ ಹಾಗೆ ಜೋಡಿಸಿ ಹಗ್ಗ ಬಿಗಿದೆ. ಲೋಡಿಗೆಂದೇ ಮಾಡಿದ ಲೀಫ್ ಸ್ಪ್ರಿಂಗ್ (ಉಕ್ಕಿನ ಪಟ್ಟಿಗಳ ಸ್ಪ್ರಿಂಗ್), ಖಾಲಿ ಇದ್ದರೆ ಕುಣಿಯುತ್ತೆ. ತೂಕ ಬಿದ್ದ ಮೇಲೆ ಚಕ್ರ ರಸ್ತೆ ಕಚ್ಚಿ ಹಿಡೀತು. ತಿರುವಿಗೆ ಮುಂಚೆಯೇ ಎರಡನೇ ಗೇರ್‌ಗೆ ಬಂದು ಇಂಜಿನ್ ಹಿಡಿತದಲ್ಲೇ ಇಳಿದೆ. ಕೆಳಗೆ ತಲುಪಿದಾಗ ಬ್ರೇಕ್ ಸುಟ್ಟ ವಾಸನೆಯೇ ಇರಲಿಲ್ಲ.

ನ್ಯೂಟ್ರಲ್‌ನಲ್ಲಿ ಇಳಿಸಿ, ಡೀಸೆಲ್ ಉಳಿಯುತ್ತೆ ಅಂತ ಕೆಲವರು ಹೇಳಿದ್ರಿ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ, ಇಂಜಿನ್ ಹಿಡಿತವೇ ಹೋಗುತ್ತೆ, ಡೀಸೆಲ್ಲೂ ಉಳಿಯಲ್ಲ. ಗೇರ್‌ನಲ್ಲೇ ಇದ್ದು ಆಕ್ಸಿಲರೇಟರ್ ಬಿಟ್ಟರೆ ಈಗಿನ ಇಂಜಿನ್‌ಗಳು ಇಂಧನವನ್ನು ತಾವೇ ನಿಲ್ಲಿಸುತ್ತವೆ.

ಹೇರ್‌ಪಿನ್ ತಿರುವಲ್ಲಿ ಹತ್ತಿ ಬರೋ ಬಸ್ಸಿಗೆ ದಾರಿ ಬಿಟ್ಟೇ ನಿಂತೆ. ಅದು ತಿರುಗೋಕೆ ಇಡೀ ರಸ್ತೆ ಬೇಕು, ಮಧ್ಯೆ ನಿಂತರೆ ಮತ್ತೆ ಎಳೆಯೋದು ಕಷ್ಟ. ಸಿಟ್ಟು ಬರೋದು ಜಲಪಾತದ ಫೋಟೋಗೆ ತಿರುವಲ್ಲೇ ಕಾರು ನಿಲ್ಲಿಸುವವರ ಮೇಲೆ. ಮಂಜಲ್ಲಿ ಹತ್ತಿರ ಬರೋತನಕ ಕಾಣೋದೇ ಇಲ್ಲ.

ಹಳದಿ ಫಾಗ್ ಲ್ಯಾಂಪ್ ಮುಂದಿನ ವಾರ ಹಾಕಿಸ್ತಿದ್ದೀನಿ.