ಲೈಬೀರಿಯಾದ ‘ಕೌಂಟಿ’ಯನ್ನು ‘ಜಿಲ್ಲೆ’ ಎನ್ನಬಹುದೆ?

ಮಾನ್ಯರೇ,

ಪಶ್ಚಿಮ ಆಫ್ರಿಕಾದ ಲೈಬೀರಿಯಾ ದೇಶದ ಗ್ರ್ಯಾಂಡ್ ಕೇಪ್ ಮೌಂಟ್ ಎಂಬ ಕರಾವಳಿ ಕೌಂಟಿಯನ್ನು ಕುರಿತು ಕನ್ನಡದಲ್ಲಿ ಪರಿಚಯ ಲೇಖನವೊಂದನ್ನು ಬರೆಯುತ್ತಿದ್ದೇನೆ. ಮೊದಲ ವಾಕ್ಯದಲ್ಲೇ ‘ಕೌಂಟಿ’ಗೆ ‘ಜಿಲ್ಲೆ’ ಎಂದು ಬರೆದು ಮುಂದೆ ಹೋದೆ. ಎರಡನೆಯ ಪ್ಯಾರಾಕ್ಕೆ ಬರುವಷ್ಟರಲ್ಲಿ ತಪ್ಪು ಗೊತ್ತಾಯಿತು. ಆ ದೇಶದಲ್ಲಿ 15 ಕೌಂಟಿಗಳಿದ್ದು, ಪ್ರತಿಯೊಂದು ಕೌಂಟಿಯ ಒಳಗೆ ‘ಡಿಸ್ಟ್ರಿಕ್ಟ್’ ಎಂಬ ವಿಭಾಗಗಳಿವೆ. ಮೇಲಿನದಕ್ಕೆ ಜಿಲ್ಲೆ ಎಂಬ ಪದವನ್ನು ಕೊಟ್ಟುಬಿಟ್ಟರೆ ಒಳಗಿನದನ್ನು ತಾಲ್ಲೂಕು ಎನ್ನಬೇಕಾಗುತ್ತದೆ. ಆಗ ಮೂಲದಲ್ಲಿ ಡಿಸ್ಟ್ರಿಕ್ಟ್ ಎಂದಿರುವುದು ಕನ್ನಡದಲ್ಲಿ ತಾಲ್ಲೂಕಾಗಿ, ನಕ್ಷೆ ಹಿಡಿದು ಓದುವವರಿಗೆ ಗೊಂದಲವಾಗುತ್ತದೆ.

ತೂಕದಲ್ಲಿಯೂ ಹೋಲಿಕೆ ಸರಿಬರುವುದಿಲ್ಲ. ಕೌಂಟಿಯ ಮುಖ್ಯಸ್ಥರಾದ ಸೂಪರಿಂಟೆಂಡೆಂಟರನ್ನು ದೇಶದ ಅಧ್ಯಕ್ಷರೇ ನೇಮಿಸುತ್ತಾರೆ ಎಂಬಷ್ಟನ್ನು ನೋಡಿದರೆ ನಮ್ಮ ಜಿಲ್ಲಾಧಿಕಾರಿಯ ನೆನಪಾಗುತ್ತದೆ. ಆದರೆ ಪ್ರತಿ ಕೌಂಟಿಯೂ ಸೆನೆಟ್ಟಿಗೆ ಇಬ್ಬರು ಸದಸ್ಯರನ್ನು ಆರಿಸಿ ಕಳುಹಿಸುತ್ತದೆ ಎಂಬುದನ್ನು ನೋಡಿದರೆ ಅದು ರಾಜ್ಯದಂತೆ ಕಾಣುತ್ತದೆ. ಅದೇ ಕರಾವಳಿಯ ಇನ್ನೊಂದು ತುದಿಯಲ್ಲಿರುವ ಮೇರಿಲ್ಯಾಂಡ್ ಕೌಂಟಿಯಂತೂ 1854ರಲ್ಲಿ ಸ್ವತಂತ್ರವೆಂದು ಘೋಷಿಸಿಕೊಂಡು, 1857ರಲ್ಲಿ ಲೈಬೀರಿಯಾವನ್ನು ಸೇರಿ ಕೌಂಟಿಯಾಯಿತು. ಹಿಂದೊಮ್ಮೆ ದೇಶವಾಗಿದ್ದುದನ್ನು ಜಿಲ್ಲೆ ಎಂದು ಕರೆಯಲು ನನಗೆ ಮನಸ್ಸು ಒಪ್ಪುತ್ತಿಲ್ಲ. ಇಂಗ್ಲೆಂಡಿನ ಕೌಂಟಿ ಕ್ರಿಕೆಟ್ಟಿನ ದೆಸೆಯಿಂದ ‘ಕೌಂಟಿ’ ಕನ್ನಡ ಓದುಗರ ಕಿವಿಗೆ ಹೊಸದೇನೂ ಅಲ್ಲ. ‘ಜಿಲ್ಲೆ’ಯೂ ‘ತಾಲ್ಲೂಕು’ ಕೂಡ ಅರಬ್ಬಿ ಮೂಲದಿಂದ ಬಂದು ನಮ್ಮವಾದ ಪದಗಳೇ ಆಗಿರುವಾಗ ‘ಕೌಂಟಿ’ಯನ್ನು ಹಾಗೆಯೇ ಉಳಿಸಿಕೊಳ್ಳುವುದರಲ್ಲಿ ತಪ್ಪಿಲ್ಲವೆಂದು ತೋರುತ್ತದೆ.

ನಿಜವಾದ ತೊಡಕು ಇರುವುದು ಕೆಳಗಿನ ಹಂತಗಳಲ್ಲಿ. ಅಲ್ಲಿ ‘ಕ್ಲ್ಯಾನ್’ ಎಂಬುದೊಂದು ಆಡಳಿತ ಘಟಕ. ನಿಘಂಟನ್ನು ನಂಬಿ ‘ಕುಲ’ ಎಂದು ಬರೆದರೆ ರಕ್ತಸಂಬಂಧದ ಅರ್ಥ ಬರುತ್ತದೆ. ನಮ್ಮ ಕರಾವಳಿಯವರಿಗೆ ತಮ್ಮ ‘ಬಳಿ’ಯ, ಎಂದರೆ ವಂಶದ ಗುಂಪಿನ, ನೆನಪಾದೀತು. ಆದರೆ 1986ರಲ್ಲಿ ಜಾರಿಗೆ ಬಂದ ಲೈಬೀರಿಯಾದ ಸಂವಿಧಾನದ ಪ್ರಕಾರ ಕ್ಲ್ಯಾನ್ ಮುಖ್ಯಸ್ಥರನ್ನು ಆಯಾ ಪ್ರದೇಶದ ನೋಂದಾಯಿತ ಮತದಾರರು ಆರಿಸಬೇಕು. ಎಂದರೆ ಇಲ್ಲಿ ಲೆಕ್ಕಕ್ಕೆ ಬರುವುದು ನೆಲ, ನೆತ್ತರಲ್ಲ. ಉಡುಪಿ, ದಕ್ಷಿಣ ಕನ್ನಡದ ಕಡೆ ಹಲವು ಗ್ರಾಮಗಳ ಗುಂಪಿಗೆ ಹೇಳುವ ‘ಮಾಗಣೆ’ ಇದಕ್ಕೆ ಬಹಳ ಹತ್ತಿರವೆಂದು ನನ್ನ ಎಣಿಕೆ. ಘಟ್ಟದ ಮೇಲಿನವರಿಗೆ ಅದು ಅಪರಿಚಿತವಾದೀತೆಂಬ ಅಳುಕೂ ಇದೆ. ‘ಹೋಬಳಿ’ ಎಂದರೆ ಕಂದಾಯ ಕಚೇರಿಯ ವಾಸನೆ ಬರುತ್ತದೆ.

ಇನ್ನೊಂದು ಪದ ‘ಪಾಲಾವರ್ ಹಟ್’. ಊರ ನಡುವೆ ಸುತ್ತ ಗೋಡೆಯಿಲ್ಲದೆ, ಕಂಬಗಳ ಮೇಲೆ ಮಾಡು ಹೊದಿಸಿ ಕಟ್ಟಿರುವ ಈ ಜಾಗದಲ್ಲಿ ಊರಿನ ಮುಖ್ಯಸ್ಥರು ಜಗಳಗಳ ವಿಚಾರಣೆ ನಡೆಸುತ್ತಾರೆ, ಬಂದವರನ್ನು ಕೂರಿಸಿ ಮಾತನಾಡಿಸುತ್ತಾರೆ. ಇದಕ್ಕೆ ‘ಚಾವಡಿ’ ಎಂಬುದು ಹೇಳಿ ಮಾಡಿಸಿದ ಪದ. ‘ಹರಟೆ ಗುಡಿಸಲು’ ಎಂದು ಯಾರೂ ಅನುವಾದಿಸದಿರಲಿ. ಪಾಲಾವರ್ ಎಂಬುದು ಪೋರ್ಚುಗೀಸರ ‘ಪಲಾವ್ರಾ’ದಿಂದ, ಎಂದರೆ ‘ಮಾತು’ ಎಂಬ ಪದದಿಂದ ಬಂದದ್ದು. ಪೋರ್ಚುಗೀಸ್ ನಾವಿಕರು ಹದಿನೈದನೆಯ ಶತಮಾನದಲ್ಲಿ ಈ ತೀರಕ್ಕೆ ಬಂದರು. ಕಡಲಿಗೆ ಚಾಚಿಕೊಂಡ ಬೆಟ್ಟಕ್ಕೆ ಅವರಿಟ್ಟ ‘ಕಾಬೊ ದೊ ಮೊಂಟೆ’ ಎಂಬ ಹೆಸರೇ ಇಂಗ್ಲಿಷಿನಲ್ಲಿ ಕೇಪ್ ಮೌಂಟ್ ಆಗಿದೆ. ಲೈಬೀರಿಯಾದ ಬಳಕೆಯಲ್ಲಿ ಪಾಲಾವರ್ ಎಂದರೆ ವ್ಯಾಜ್ಯ ಎಂಬ ಅರ್ಥವೂ ಇದೆ. ‘ಮಾತಿಗೆ ಮಾತು ಬೆಳೆಯಿತು’ ಎನ್ನುವ ನಮಗೆ ಈ ಅರ್ಥವಿಸ್ತಾರ ಅರ್ಥವಾಗದೆ ಇರಲಾರದು.

‘ಟೌನ್’ ಕೂಡ ಹೀಗೆಯೇ ಮೋಸ ಮಾಡುತ್ತದೆ. ಕೆಲವೇ ಮನೆಗಳು, ಸುತ್ತ ಭತ್ತದ ಮತ್ತು ಮರಗೆಣಸಿನ ಹೊಲಗಳು, ಎಣ್ಣೆ ತೆಗೆಯುವ ತಾಳೆಮರಗಳು ಇರುವ ಹಳ್ಳಿಯನ್ನೂ ಅಲ್ಲಿ ಟೌನ್ ಎನ್ನುತ್ತಾರೆ. ಅದರ ಮುಖ್ಯಸ್ಥ ‘ಟೌನ್ ಚೀಫ್’. ಅನ್ನವನ್ನೇ ಮುಖ್ಯ ಊಟವೆಂದು ಎಣಿಸಿ, ಮರಗೆಣಸಿನ ಎಲೆಯನ್ನು ಕುಟ್ಟಿ ತಾಳೆಎಣ್ಣೆ, ಮೀನು ಹಾಕಿ ಬೇಯಿಸಿದ ಪದಾರ್ಥದೊಡನೆ ಉಣ್ಣುವ ಈ ಹಳ್ಳಿಗಳನ್ನು ‘ಪಟ್ಟಣ’ ಎಂದರೆ ಓದುಗರ ಕಣ್ಣಿಗೆ ಬೇರೆಯೇ ಚಿತ್ರ ಕಟ್ಟುತ್ತದೆ. ‘ಊರು’ ಎಂದರೆ ಸಾಕು. ಕೌಂಟಿಯ ಕೇಂದ್ರವಾದ ರಾಬರ್ಟ್ಸ್‌ಪೋರ್ಟನ್ನು ಮಾತ್ರ ಪಟ್ಟಣ ಎನ್ನಬಹುದು. ದೇಶದ ಮೊದಲ ಅಧ್ಯಕ್ಷ ಜೋಸೆಫ್ ಜೆಂಕಿನ್ಸ್ ರಾಬರ್ಟ್ಸ್ ಹೆಸರಿನದು ಅದು.

ಇಲ್ಲೊಂದು ಮಾತನ್ನು ಸೇರಿಸಬೇಕು. ಕೌಂಟಿ, ಡಿಸ್ಟ್ರಿಕ್ಟ್ ಎಂಬಂಥ ಆಡಳಿತದ ಇಂಗ್ಲಿಷ್ ಪದಗಳು ಅಮೆರಿಕದಿಂದ ಬಂದು ನೆಲೆಸಿದವರ ಸರ್ಕಾರ ಹೊದಿಸಿದವು. ಗಣರಾಜ್ಯ ಸ್ಥಾಪನೆಯಾದದ್ದು 1847ರಲ್ಲಿ. ಅದಕ್ಕೂ ಮೊದಲೇ, 1830ರ ದಶಕದಲ್ಲಿ, ಇಲ್ಲಿನ ವಾಯ್ ಜನರಲ್ಲಿ ಮೊಮೊಲು ದುವಾಲು ಬುಕೆಲೆ ತಮ್ಮ ಭಾಷೆಗೆ ಸ್ವಂತ ಲಿಪಿಯನ್ನು ರೂಪಿಸಿದ್ದರು. ಅದರಲ್ಲಿ ಒಂದೊಂದು ಉಚ್ಚಾರಾಂಶಕ್ಕೂ ಒಂದೊಂದು ಗುರುತಿದೆ, ನಮ್ಮಂತೆ ಕಾಗುಣಿತವಿಲ್ಲ. ಪತ್ರ, ಲೆಕ್ಕ ಬರೆಯಲು ಅದನ್ನು ಬಳಸುತ್ತ ಬಂದ ಜನರ ಊರುಗಳ ವಿಷಯದಲ್ಲಿ ಇಂಗ್ಲಿಷ್ ಪದಕ್ಕೆ ಕನ್ನಡ ಪದ ಜೋಡಿಸುವಾಗ ವಾಯ್ ಭಾಷೆಯಲ್ಲಿ ಏನೆನ್ನುತ್ತಾರೆ ಎಂಬುದನ್ನೂ ನೋಡಬೇಕಲ್ಲವೇ?

ಕೊನೆಯದಾಗಿ ಇದೇ ಕೌಂಟಿಯ ‘ಲೇಕ್ ಪಿಸೊ’. ಹೆಸರಿಗೆ ಸರೋವರವಾದರೂ ಅದು ಕಡಲಿಗೆ ಬಾಯಿ ತೆರೆದಿರುವ, ಉಬ್ಬರವಿಳಿತ ತಟ್ಟುವ ನೀರು. ನಾನು ‘ಪಿಸೊ ಹಿನ್ನೀರು’ ಎಂದು ಬರೆದು, ಅದರ ಬಾಯಿಯನ್ನು ‘ಅಳಿವೆ’ ಎಂದಿದ್ದೇನೆ. ಆದರೆ ‘ಹಿನ್ನೀರು’ ಎಂದೊಡನೆ ಲಿಂಗನಮಕ್ಕಿಯಂಥ ಅಣೆಕಟ್ಟೆಯ ನೀರನ್ನೇ ನೆನೆಯುವವರು ನಮ್ಮಲ್ಲಿ ಹೆಚ್ಚು. ಕಾರವಾರ, ಕುಂದಾಪುರದ ಕಡೆಯವರು ಇಂಥ ನೀರಿಗೆ ಬೇರೇನಾದರೂ ಹೇಳುವುದಿದ್ದರೆ ತಿಳಿಸಬೇಕು. ‘ಮಾಗಣೆ’ಯ ಬಗ್ಗೆ ಒಳನಾಡಿನವರ ಅಭಿಪ್ರಾಯವೂ ಬೇಕಾಗಿದೆ.