ಬಾರಾ ಬ್ರೀತ್: ಮೇಲೆ ಕರಿ, ನಡುವೆ ಹಸಿ, ಹಣ್ಣೆಲ್ಲಾ ತಳಕ್ಕೆ. ಎಲ್ಲಿ ತಪ್ಪುತ್ತಿದೆ?

ಪ್ರಶ್ನೆ
ವೇಲ್ಸ್‌ನ ಒಣಹಣ್ಣಿನ ಬ್ರೆಡ್ಡು ಬಾರಾ ಬ್ರೀತ್, ಯೀಸ್ಟ್ ಇಲ್ಲದ ಬಗೆ. ಒಣದ್ರಾಕ್ಷಿ 350 ಗ್ರಾಂ, ಹಾಲಿಲ್ಲದ ಚಹಾ 300 ಮಿ.ಲೀ., ನೆನೆಸಿದ್ದು 2 ಗಂಟೆ. ಮೈದಾ 225 ಗ್ರಾಂ, ಬೇಕಿಂಗ್ ಪೌಡರ್ 3 ಟೀ ಚಮಚ, ಸೋಡಾ ಅರ್ಧ ಟೀ ಚಮಚ, ಬೆಲ್ಲದ ಪುಡಿ 175 ಗ್ರಾಂ, ಮೊಟ್ಟೆ 1. 28 ಲೀಟರ್ ಓಟಿಜಿಯಲ್ಲಿ (ಸಣ್ಣ ವಿದ್ಯುತ್ ಓವನ್) ಮಧ್ಯದ ರ‍್ಯಾಕ್, 180 ಡಿಗ್ರಿ, 1 ಗಂಟೆ. ಮೇಲ್ಭಾಗ 35 ನಿಮಿಷಕ್ಕೇ ಕಪ್ಪಾಯಿತು, ನಡು ಕುಸಿಯಿತು, ಕೊಯ್ದರೆ ತಳದಿಂದ ಒಂದು ಬೆರಳು ಮೇಲೆ ಅಂಟಂಟು ಗೆರೆ. ಮೊಟ್ಟೆ ಇಲ್ಲದೆಯೂ ಮಾಡಬೇಕಿದೆ, ಬದಲಿಗೆ ಏನು ಹಾಕಬಹುದು?

ಉತ್ತರ 1
ತಪ್ಪು ಶುರುವಾಗಿರುವುದು ಓವನ್‌ನಲ್ಲಿ ಅಲ್ಲ, ನೆನೆಹಾಕುವಲ್ಲಿ. 2 ಗಂಟೆಗೆ ದ್ರಾಕ್ಷಿ ಚಹಾ ಕುಡಿದಿರುವುದಿಲ್ಲ, ಉಳಿದದ್ದೆಲ್ಲಾ ನೇರ ಹಿಟ್ಟಿಗೆ ಹೋಗಿದೆ. ತೆಳು ಹಿಟ್ಟಿನಲ್ಲಿ ಹಣ್ಣು ನಿಲ್ಲದೆ ತಳ ಸೇರುತ್ತದೆ, ಅದರ ಸುತ್ತಲಿನ ಹಿಟ್ಟು ಬೇಯುವುದೇ ಇಲ್ಲ. ನಿಮ್ಮ ಅಂಟು ಗೆರೆ ಅದೇ.

ಅಂಗಡಿಯ ದ್ರಾಕ್ಷಿಗೆ ಎಷ್ಟೋ ಸಲ ಎಣ್ಣೆ ಸವರಿರುತ್ತದೆ. ಮೊದಲು ಬಿಸಿನೀರಲ್ಲಿ ಉಜ್ಜಿ ತೊಳೆದು ಬಸಿಯಿರಿ. ಆಮೇಲೆ 250 ಮಿ.ಲೀ. ಕುದಿನೀರಿಗೆ 2 ಟೀ ಚಮಚ ಚಹಾಪುಡಿ, 4 ನಿಮಿಷ, ಸೋಸಿ. ನಮ್ಮ ದಿನಬಳಕೆಯ ಪುಡಿ ಕಡಕ್, ಇನ್ನೂ ಹೆಚ್ಚು ಹೊತ್ತು ಬಿಟ್ಟರೆ ಒಗರು ಉಳಿಯುತ್ತದೆ. ಬೆಲ್ಲವನ್ನೂ ಈ ಬಿಸಿ ಚಹಾದಲ್ಲೇ ಕರಗಿಸಿ, ಕಸಕಡ್ಡಿ ಇದ್ದರೆ ಮತ್ತೆ ಸೋಸಿ, 150 ಗ್ರಾಂ ಸಾಕು. ಹಣ್ಣು ಹಾಕಿ ಮುಚ್ಚಿ ರಾತ್ರಿಯಿಡೀ, ಅಂದರೆ 10–12 ಗಂಟೆ ಬಿಡಿ. ಬೆಳಿಗ್ಗೆ ಒಂದು ದ್ರಾಕ್ಷಿ ಹಿಚುಕಿ ನೋಡಿ: ಸುಕ್ಕು ಬಿಡಿಸಿಕೊಂಡು ಉಬ್ಬಿರಬೇಕು, ಒಳಗೆ ಗಟ್ಟಿ ತಿರುಳು ಸಿಗಬಾರದು.

ಮೈದಾ 250 ಗ್ರಾಂ, ಬೇಕಿಂಗ್ ಪೌಡರ್ 2 ಟೀ ಚಮಚ. ಸೋಡಾ ಬೇಡವೇ ಬೇಡ, ಸಾಬೂನಿನ ರುಚಿ ಬರುತ್ತದೆ. ಅತಿಯಾದ ಪುಡಿಯಿಂದ ಬ್ರೆಡ್ಡು ಬೇಗ ಉಬ್ಬಿ, ಗಟ್ಟಿಯಾಗುವ ಮೊದಲೇ ಕೂರುತ್ತದೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಲ್ಲಿ ಇದು ಇನ್ನಷ್ಟು ಎದ್ದು ಕಾಣುತ್ತದೆ. ನೆನೆದ ಚಹಾವನ್ನು ಒಮ್ಮೆಲೇ ಸುರಿಯದೆ ಪಕ್ಕಕ್ಕೆ ಬಸಿದಿಟ್ಟು ಸ್ವಲ್ಪಸ್ವಲ್ಪವೇ ಸೇರಿಸಿ. ಹದ ಇಡ್ಲಿ ಹಿಟ್ಟಿಗಿಂತ ಗಟ್ಟಿ: ಸೌಟು ಓರೆ ಮಾಡಿದರೆ ಕ್ಷಣ ನಿಂತು ಧೊಪ್ಪನೆ ಬೀಳಬೇಕು.

ಮೊಟ್ಟೆಯ ಬದಲು ಗಟ್ಟಿ ಮೊಸರು 60 ಗ್ರಾಂ. ತುಂಡು ಸ್ವಲ್ಪ ಪುಡಿಯಾಗುತ್ತದೆ, ರುಚಿಗೆ ಕೊರತೆಯಿಲ್ಲ.

ಉತ್ತರ 2
ಮೇಲಿನದಕ್ಕೆ ಓವನ್ ವಿಷಯ ಸೇರಿಸುತ್ತೇನೆ. ಸಣ್ಣ ಓಟಿಜಿಯಲ್ಲಿ ಮೇಲಿನ ರಾಡು ಬ್ರೆಡ್ಡಿಗೆ ತೀರಾ ಹತ್ತಿರ. ಟಿನ್ನನ್ನು ಕೆಳಗಿನ ರ‍್ಯಾಕಿನಲ್ಲಿಡಿ, 160 ಡಿಗ್ರಿ, 15 ನಿಮಿಷ ಮೊದಲೇ ಕಾಯಿಸಿ. 30ನೇ ನಿಮಿಷಕ್ಕೆ ಮೇಲೊಂದು ಫಾಯಿಲ್ ಸಡಿಲವಾಗಿ ಹೊದಿಸಿ. ಒಟ್ಟು 70–80 ನಿಮಿಷ ಹಿಡಿಯುತ್ತದೆ. ಡಯಲ್ ನಂಬಬೇಡಿ, ಓವನ್ ಥರ್ಮಾಮೀಟರ್ ಒಂದು ಒಳಗಿಡಿ.

ಕಡ್ಡಿ ಚುಚ್ಚುವುದು ಇಲ್ಲಿ ಮೋಸ ಮಾಡುತ್ತದೆ, ದ್ರಾಕ್ಷಿಗೆ ತಗುಲಿದರೆ ಬೆಂದರೂ ಅಂಟಾಗಿಯೇ ಬರುತ್ತದೆ. ಎರಡು ಮೂರು ಕಡೆ ಚುಚ್ಚಿ. ಚುಚ್ಚಿ ನೋಡುವ ಪ್ರೋಬ್ ಥರ್ಮಾಮೀಟರ್ ಇದ್ದರೆ ನಡುವಿನಲ್ಲಿ 94–95 ಡಿಗ್ರಿ ಸಾಕು. ಬೆಂಗಳೂರಲ್ಲಿ ನೀರು ಕುದಿಯುವುದೇ ಸುಮಾರು 97ಕ್ಕೆ, 98 ಬರಲಿ ಎಂದು ಕಾದರೆ ಬ್ರೆಡ್ಡು ಒಣಗುತ್ತದೆ ಅಷ್ಟೇ.

ಮಸಾಲೆ: ಚಕ್ಕೆ ಪುಡಿ 1 ಟೀ ಚಮಚ, ಕೊತ್ತಂಬರಿ ಬೀಜದ ಪುಡಿ ಅರ್ಧ, ಜಾಯಿಕಾಯಿ ಮತ್ತು ಒಣಶುಂಠಿ ಕಾಲು ಕಾಲು, ಲವಂಗ ಒಂದೇ ಚಿಟಿಕೆ. ಕೊತ್ತಂಬರಿ ಬೀಜ ಬಿಡಬೇಡಿ, ಬ್ರಿಟಿಷರ ಮಿಕ್ಸ್ಡ್ ಸ್ಪೈಸ್‌ನಲ್ಲಿ ಅದು ಇರುತ್ತದೆ. ಟೂಟಿ ಫ್ರೂಟಿ ಮಾತ್ರ ದಯವಿಟ್ಟು ಹಾಕಬೇಡಿ, ಚಹಾ ಹೀರುವುದಿಲ್ಲ, ಬರೀ ಸಕ್ಕರೆ. ಕರಿ ಮತ್ತು ಬಿಳಿ ದ್ರಾಕ್ಷಿ ಅರ್ಧರ್ಧ, ಜೊತೆಗೆ ಸಕ್ಕರೆ ಪಾಕದ ಕಿತ್ತಳೆ ಸಿಪ್ಪೆ 30 ಗ್ರಾಂ. ಬೆಂಗಳೂರಿನ ರಸೆಲ್ ಮಾರ್ಕೆಟ್ಟಿನ ಒಣಹಣ್ಣಿನ ಅಂಗಡಿಗಳಲ್ಲಿ ದ್ರಾಕ್ಷಿ ಬಿಡಿಯಾಗಿ ಆರಿಸಿಕೊಳ್ಳಬಹುದು.

ಉತ್ತರ 3
ವೆಲ್ಷ್ ಭಾಷೆಯಲ್ಲಿ ಬಾರಾ ಎಂದರೆ ಬ್ರೆಡ್ಡು, ಬ್ರೀತ್ ಎಂದರೆ ಚುಕ್ಕೆಚುಕ್ಕೆಯದು. ಹಳೆಯ ಕ್ರಮ ಯೀಸ್ಟಿನದೇ, ಅದನ್ನೂ ಒಮ್ಮೆ ಮಾಡಿ. ಮೈದಾ 450 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 7, ಕಂದು ಸಕ್ಕರೆ 60, ಬೆಣ್ಣೆ 75, ಉಪ್ಪು 1 ಟೀ ಚಮಚ, ಮೊಟ್ಟೆ 1, ಉಗುರುಬೆಚ್ಚಗಿನ ಹಾಲು ಸುಮಾರು 200 ಮಿ.ಲೀ. ಹಣ್ಣು 225 ಗ್ರಾಂ, ನೆನೆಸಿ ಬಟ್ಟೆಯಲ್ಲಿ ಒರೆಸಿ, ಹಿಟ್ಟು ಒಮ್ಮೆ ಉಬ್ಬಿದ ಮೇಲಷ್ಟೇ ಸೇರಿಸಿ. ಮೊದಲೇ ಹಾಕಿ ನಾದಿದರೆ ದ್ರಾಕ್ಷಿ ಒಡೆದು ಹಿಟ್ಟು ಬೂದಿ ಬಣ್ಣಕ್ಕೆ ತಿರುಗುತ್ತದೆ. ಚಕ್ಕೆ ಯೀಸ್ಟನ್ನು ತಡೆಯುತ್ತದೆ, ಹಾಗಾಗಿ ಮಸಾಲೆ ಒಟ್ಟು 1 ಟೀ ಚಮಚ ಮೀರಬಾರದು. ಎರಡರಷ್ಟಾಗಲು ಒಂದೂವರೆಯಿಂದ ಎರಡು ಗಂಟೆ, ಡಿಸೆಂಬರಿನ ಚಳಿಯಲ್ಲಿ ಇನ್ನೂ ಹೆಚ್ಚು. 180 ಡಿಗ್ರಿ, 40–45 ನಿಮಿಷ.

ಯಾವುದೇ ಬಗೆಯಾಗಲಿ ಬಿಸಿಯಲ್ಲಿ ಕೊಯ್ಯಬೇಡಿ. ಚಹಾದ ಬಗೆಯನ್ನು ಪೂರ್ತಿ ಆರಿಸಿ ಬಟರ್ ಪೇಪರಿನಲ್ಲಿ ಸುತ್ತಿಟ್ಟು ಮರುದಿನ ತೆಗೆಯಿರಿ, ಒಂದು ಸೆಂಟಿಮೀಟರ್ ದಪ್ಪಕ್ಕೆ ಕೊಯ್ದು ಉಪ್ಪು ಬೆಣ್ಣೆ ಸವರಿ. ಮಳೆಗಾಲದಲ್ಲಿ ಮೂರು ದಿನಕ್ಕಿಂತ ಹೊರಗಿಡಬೇಡಿ. ಉಳಿದರೆ ತುಂಡು ಮಾಡಿ ಫ್ರೀಜರಿಗೆ.

ಪ್ರಶ್ನೆ ಕೇಳಿದವರು
ಜೋನಿ ಬೆಲ್ಲ ಆಗುತ್ತದೆಯೇ?

ಉತ್ತರ 1
ಆಗುತ್ತದೆ. ಆದರೆ ಅದರಲ್ಲೇ ನೀರಿದೆ, ಚಹಾ 30–40 ಮಿ.ಲೀ. ಕಡಿಮೆ ಮಾಡಿ. ಹದ ನೋಡುವುದು ಸೌಟಿನಲ್ಲೇ.